ಗಂಗಣ್ಣ ಹಾಕಿಸಿಕೊಂಡ ಐನೂರ ಹನ್ನೆರಡು

"ಇನ್ನೂರೈವತ್ತಾರು ಯಾವ ಮೂಲೆಗೆ ಸಾಕು ಸರ್ ನಿಮಗೆ? ಐನೂರ ಹನ್ನೆರಡಾದ್ರೂ ಹಾಕಿಸ್ಲೇಬೇಕು. ರ‍್ಯಾಮ್ ಬಿದ್ದ ಮೇಲೆ ನೋಡಿ, ಏನ್ ಓಟ ಓಡ್ತದೆ ಅಂತ."

ಈ ಮಾತು ಹೊರಟದ್ದು ಟಿ. ನರಸೀಪುರದಿಂದ. ಆಡಿದವಳು ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಮಧುಶ್ರೀ. ಕೇಳಿಸಿಕೊಳ್ಳಬೇಕಾಗಿದ್ದವನು ನಂಜನಗೂಡಿನ ಗುಮಾಸ್ತ ಗಂಗಾಧರಸ್ವಾಮಿ ಒಬ್ಬನೇ. ಆದರೆ ಗಂಗಾಧರಸ್ವಾಮಿಯ ಕೈಯಲ್ಲಿದ್ದದ್ದು ಚೈನಾ ಸೆಟ್ಟು. ಅದರಲ್ಲಿ ಕಿವಿಗೆ ಹಿಡಿಯುವ ಸ್ಪೀಕರು ಸತ್ತು ಆರು ತಿಂಗಳಾಗಿ, ಊರಿಗೆಲ್ಲ ಕೇಳಿಸುವ ಸ್ಪೀಕರು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಸಾಲದ್ದಕ್ಕೆ ಮನೆಯೊಳಗೆ ಸಿಗ್ನಲ್ಲು ಬರುತ್ತಿರಲಿಲ್ಲ. ಅಂಗಳದ ಕರಿಬೇವಿನ ಗಿಡದ ಪಕ್ಕದಲ್ಲಿ, ಒಂದು ಕಾಲನ್ನು ನೀರಿನ ತೊಟ್ಟಿಯ ಮೇಲಿಟ್ಟು ನಿಂತರೆ ಮಾತ್ರ ಬರುತ್ತಿತ್ತು. ಹೀಗಾಗಿ ಅವನ ಮನೆಯ ಫೋನು ಬೀದಿಯ ಫೋನಾಗಿತ್ತು. ಅವನ ಚೀಟಿಯ ಕಂತು, ಅತ್ತೆಯ ಮಂಡಿನೋವು, ಸಾಹೇಬರ ಬೈಗುಳ ಎಲ್ಲವೂ ಬೀದಿಯವರಿಗೆ ಅವನ ಜೊತೆಜೊತೆಗೇ ಗೊತ್ತಾಗುತ್ತಿದ್ದವು.

ಆ ಎರಡನೇ ಶನಿವಾರ ಬೆಳಿಗ್ಗೆ ಗೋಡೆಯಾಚೆ ಹಲ್ಲುಜ್ಜುತ್ತಿದ್ದವನು ಹುಚ್ಚಯ್ಯ. ಇಪ್ಪತ್ತೇಳು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಅಷ್ಟು ವರ್ಷ ಇಂಜಿನ್ನಿನ ಸದ್ದು ಕೇಳಿ ಕೇಳಿ ಅವನ ಕಿವಿಯಲ್ಲಿ ಸಣ್ಣಪುಟ್ಟ ಅಕ್ಷರಗಳು ನಿಲ್ಲುತ್ತಿರಲಿಲ್ಲ. ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು ಅದಕ್ಕೆ ನೆನಪು ಕೊಡುವ ಒಂದು ಹಸಿರು ಪಟ್ಟಿಗೆ ರ‍್ಯಾಮ್ ಅನ್ನುತ್ತಾರೆ, ಅದನ್ನು ಎಂ.ಬಿ. ಲೆಕ್ಕದಲ್ಲಿ ಅಳೆಯುತ್ತಾರೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಎಂ.ಎಲ್. ಲೆಕ್ಕದಲ್ಲಿ ಅಳೆಯುವ ರಮ್ಮು. ಅದನ್ನೂ 'ಹಾಕು'ವುದೇ ತಾನೆ. ಬ್ರಷ್ಷನ್ನು ಬಾಯಿಂದ ತೆಗೆದು ಅವನು ಗೋಡೆಯ ಮೇಲೆ ಮುಖವಿಟ್ಟ.

"ಏನ್ ಗಂಗಣ್ಣ, ಬೆಳಬೆಳಿಗ್ಗೇನೇ?"

"ಏನ್ ಮಾಡೋದು ಹುಚ್ಚಣ್ಣ. ಹಾಕಿಸ್ದೇ ಇದ್ರೆ ಏಳದೇ ಇಲ್ಲ ಅಂತದೆ."

"ಎಸ್ಟ್ ದಿನದಿಂದ?"

"ಬಾಳ ದಿನದಿಂದ ಇನ್ನೂರೈವತ್ತಾರಲ್ಲೇ ತಳ್ಕೊಂಡು ಬಂದೆ. ಈಗ ಸಾಲ್ತಾ ಇಲ್ಲ."

"ದಿನಾನಾ?"

"ದಿನಾ ಊಟ ಆದ್ಮೇಲೆ ಒಂದ್ ಗಂಟೆ. ನಾಳೆ ನಮ್ ಬಾವನ ಕ್ಯಾಂಪಲ್ಲಿ ಭಾಷಣ ಅದೆಯಲ್ಲ, ಅದಕ್ಕೇ ಅರ್ಜೆಂಟು."

"ಭಾಷಣಕ್ ಧೈರ್ಯ ಬರ್ಲಿ ಅಂತ್ಲಾ?"

"ಹೂಂ ಮತ್ತೆ. ಸ್ಟೇಜ್ ಮೇಲೆ ಅರ್ಧಕ್ಕೆ ನಿಂತೋದ್ರೆ ಮಾನ ಹೋಗ್ತದೆ."

ಹುಚ್ಚಯ್ಯ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ. "ಮನೇಲಿ ಅಕ್ಕೋರ್ಗೆ ಗೊತ್ತಾ?"

"ಅವಳಿಗೆ ಹೇಳಿಲ್ಲ. ಹಾಕಿಸ್ಕೊಂಡೇ ಬಂದು ತೋರಿಸ್ತೀನಿ. ನೀನೂ ಬಾಯಿ ಬಿಡ್ಬೇಡ."

ಇಷ್ಟು ಹೇಳಿ ಗಂಗಣ್ಣ ಒಳಗೆ ಹೋದ. ಹುಚ್ಚಯ್ಯ ಗೋಡೆ ಹಿಡಿದು ನಿಂತೇ ಇದ್ದ.

ಅವನ ಗಾಬರಿಗೆ ಕಾರಣವಿತ್ತು. ಗಂಗಾಧರಸ್ವಾಮಿ ಒಂದು ಕಾಲದಲ್ಲಿ ಕುಡಿಯುತ್ತಿದ್ದವನು. ಶಿವ ತಲೆಯ ಮೇಲೆ ಗಂಗೆಯನ್ನು ಹೊತ್ತರೆ ಈ ಗಂಗಾಧರ ಹೊಟ್ಟೆಯೊಳಗೆ ಬೇರೆಯದನ್ನು ಹೊತ್ತು, ಬಸ್ ಸ್ಟ್ಯಾಂಡಿನಿಂದ ಮನೆಯವರೆಗೂ ಲೈಟುಕಂಬಗಳ ಕ್ಷೇಮ ವಿಚಾರಿಸುತ್ತ ಬರುತ್ತಿದ್ದ. ಊರು ಅವನಿಗೆ ಕ್ವಾರ್ಟ್ರು ಗಂಗಣ್ಣ ಎಂದು ಹೆಸರಿಟ್ಟಿತ್ತು. ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಹೆಂಡತಿ ಮಲ್ಲಾಜಮ್ಮ ಅವನನ್ನು ಕಪಿಲಾ ಹೊಳೆಯಲ್ಲಿ ಮುಳುಗಿಸಿ, ಒದ್ದೆ ಬಟ್ಟೆಯಲ್ಲೇ ನಂಜುಂಡೇಶ್ವರನ ಮುಂದೆ ನಿಲ್ಲಿಸಿ ಆಣೆ ಮಾಡಿಸಿದಳು. ಗಂಡಸಿನ ಒಂಟಿ ಆಣೆ ಒಂಟಿ ಚಪ್ಪಲಿಯಿದ್ದಂತೆ, ಬಹಳ ದೂರ ಬರುವುದಿಲ್ಲ ಎಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಅದಕ್ಕೆ ಮಲ್ಲಾಜಮ್ಮ ತಾನೂ ಒಂದು ಆಣೆ ಕಟ್ಟಿದಳು. ಅವಳಿಗೆ ಕಾಫಿಯೆಂದರೆ ಪ್ರಾಣ. ದಿನಕ್ಕೆ ಐದು ಲೋಟ. "ನೀವು ಅದು ಬಿಡಿ, ನಾನು ಇದು ಬಿಡ್ತೀನಿ. ನೀವು ಮುಟ್ಟಿದ ದಿನ ನಾನೂ ಮುಟ್ತೀನಿ," ಅಂದಳು. ಹನ್ನೊಂದು ವರ್ಷವಾಯಿತು, ಅವನೂ ಮುಟ್ಟಲಿಲ್ಲ, ಅವಳೂ ಮುಟ್ಟಲಿಲ್ಲ. ಆ ಮನೆಯಲ್ಲಿ ಕಾಫಿಪುಡಿಯ ಡಬ್ಬ ಸೂಜಿದಾರದ ಡಬ್ಬವಾಗಿತ್ತು.

ಕುಡಿತ ಹೋದರೂ ಹೆಸರು ಹೋಗಲಿಲ್ಲ. ಹಳೆಯ ಹೆಸರನ್ನು ಅಳಿಸಲು ಒಂದು ಹೊಸ ಹೆಸರು ಬೇಕು ಎಂದು ಗಂಗಣ್ಣನಿಗೆ ಹೊಳೆದದ್ದು, ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಲ್ಯಾಪ್‌ಟಾಪನ್ನು ಇವನ ಕೈಗೆ ದಾಟಿಸಿದಾಗ. ಲ್ಯಾಪ್‌ಟಾಪ್ ಗಂಗಾಧರಸ್ವಾಮಿ ಎಂದು ಅವನೇ ನಾಲ್ಕು ಸಲ ಬಾಯಲ್ಲಿ ಹೇಳಿ ನೋಡಿಕೊಂಡ, ಚೆನ್ನಾಗಿತ್ತು. ಆದರೆ ಆ ಯಂತ್ರಕ್ಕೆ ಅವಸರವೆನ್ನುವುದೇ ಗೊತ್ತಿರಲಿಲ್ಲ. ಮಲ್ಲಾಜಮ್ಮ ಅನ್ನಕ್ಕೆ ಕುಕ್ಕರ್ ಇಟ್ಟಾಗ ಅವನು ಸ್ವಿಚ್ ಒತ್ತಿದರೆ, ಮೂರನೇ ಕೂಗು ಆದ ಮೇಲೆ ಅದು ಟಣ್ ಟಣಾ ಎಂದು ರಾಗ ಹಾಡಿ ಕಣ್ಣು ಬಿಡುತ್ತಿತ್ತು. "ಅನ್ನ ಬೆಂತು, ನಿಮ್ಮದು ಬೆಂತಾ?" ಎಂದು ಅವಳು ಅಡಿಗೆಮನೆಯಿಂದ ಕೇಳುತ್ತಿದ್ದಳು.

ಹೀಗಿರುವಾಗ ಮಲ್ಲಾಜಮ್ಮನ ಅಣ್ಣ, ಹುಲ್ಲಹಳ್ಳಿಯ ಗುರುಮಲ್ಲಪ್ಪ, ತಮ್ಮೂರಿನಲ್ಲಿ ಕುಡಿತ ಬಿಡಿಸುವ ಕ್ಯಾಂಪು ಏರ್ಪಡಿಸಿದ. ಭಾನುವಾರದ ಸಮಾರಂಭದಲ್ಲಿ, ಬಿಟ್ಟು ಗೆದ್ದವನ ಮಾದರಿಯಾಗಿ ಗಂಗಣ್ಣನ ಭಾಷಣ. ವಿಷಯ, 'ನಾನು ಬಿಟ್ಟ ಬಗೆ'. ಕಾಗದದಲ್ಲಿ ಬರೆದಿದ್ದರೆ ಒಂದು ಸಂಜೆಯ ಕೆಲಸ. ಆದರೆ ಅವನಿಗೆ ಸ್ಟೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಓದಬೇಕಾಗಿತ್ತು. ಮೂರು ವಾರ ಟೈಪು ಮಾಡಿ 'ಮಾನ್ಯ ಅಧ್ಯಕ್ಷರೇ, ನಾನು ಕುಡಿಯುತ್ತಿದ್ದೆ' ಎಂಬಲ್ಲಿಗೆ ಬಂದು ನಿಂತಿದ್ದ. ಅಲ್ಲಿಂದ ಮುಂದಕ್ಕೆ ಯಂತ್ರ ಹೋಗುತ್ತಿರಲಿಲ್ಲ.

ಇದೆಲ್ಲ ಹುಚ್ಚಯ್ಯನಿಗೆ ಗೊತ್ತು. ಗೊತ್ತಿಲ್ಲದ್ದು ರ‍್ಯಾಮ್ ಒಂದೇ. ಅವನಿಗೆ ಇನ್ನೊಂದು ಲೆಕ್ಕವೂ ಹತ್ತಲಿಲ್ಲ. ತೊಂಬತ್ತು ಗೊತ್ತು, ನೂರ ಎಂಬತ್ತು ಗೊತ್ತು, ಮುನ್ನೂರ ಎಪ್ಪತ್ತೈದು ಗೊತ್ತು, ಏಳುನೂರ ಐವತ್ತು ಗೊತ್ತು. ಐನೂರ ಹನ್ನೆರಡು ಯಾವ ಅಳತೆ? ಹಲ್ಲುಜ್ಜಿ ಮುಗಿಯುವ ಹೊತ್ತಿಗೆ ಉತ್ತರ ಸಿಕ್ಕಿತು. ಮಿಲ್ಟ್ರಿ ಅಳತೆಯೇ ಇರಬೇಕು.

ಆದರೂ ಹುಚ್ಚಯ್ಯ ನ್ಯಾಯವಂತ. ಟಿಕೆಟ್ ನೋಡದೆ ದಂಡ ಹಾಕಿದವನಲ್ಲ. ಮಧ್ಯಾಹ್ನ ಗಂಗಣ್ಣ ಕರಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟದ್ದನ್ನು ನೋಡಿ, ನರಸೀಪುರದ ರೂಟಿನ ಕಂಡಕ್ಟರ್ ದೇವಯ್ಯನಿಗೆ ಫೋನ್ ಮಾಡಿದ. ದೇವಯ್ಯ ಇವನ ಕೈಕೆಳಗೆ ಸೀಟಿ ಊದಲು ಕಲಿತವನು.

"ಲೋ ದೇವಯ್ಯ, ನೀಲಿ ಸರ್ಟು, ಕರಿ ಬ್ಯಾಗು, ನಮ್ಮ ಕ್ವಾರ್ಟ್ರು ಗಂಗಣ್ಣ. ನಿನ್ ಗಾಡೀಲೇ ಬತ್ತಾವ್ನೆ. ನರಸೀಪುರ್ದಲ್ಲಿ ಇಳ್ದು ಎಲ್ಗೋದಾನು ನೋಡ್ಕಂಡು ನಂಗೊಂದ್ ಪೋನ್ ಆಕು."

"ಏನ್ ಇಸ್ಯ ಅಣ್ಣ?"

"ಒಂದ್ ಸಂಸಾರದ್ ಇಸ್ಯ ಕಣ್ಲಾ."

ಸಂಸಾರದ ವಿಷಯವೆಂದರೆ ದೇವಯ್ಯ ಚಹಾ ಬಿಟ್ಟಾದರೂ ಕಾಯುವವನು. ಅವನು ಕಂಡದ್ದು ಇಷ್ಟು. ಗಂಗಣ್ಣ ಬಸ್ಸಿಳಿದ, ರಸ್ತೆ ದಾಟಿದ, ಒಂದು ಬಾರಿನ ಕಟ್ಟಡದೊಳಕ್ಕೆ ನುಗ್ಗಿದ. ಆ ಕಟ್ಟಡದಲ್ಲಿ ಕೆಳಗೆ ಬಾರು, ಮೇಲೆ ಮಧುಶ್ರೀಯ ಅಂಗಡಿ. ಎರಡಕ್ಕೂ ಒಂದೇ ಬಾಗಿಲು. ಮೆಟ್ಟಿಲು ಒಳಗಡೆ ಇತ್ತು, ರಸ್ತೆಗೆ ಕಾಣುತ್ತಿರಲಿಲ್ಲ.

ಮಧುಶ್ರೀ ಲ್ಯಾಪ್‌ಟಾಪನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದಳು. ಬಿಚ್ಚಿ, ಗಂಗಣ್ಣನ ಮುಖ ನೋಡಿದಳು.

"ಸರ್, ಇದರೊಳಗೆ ಏನೇನ್ ಸಾಕಿದ್ದೀರಿ?"

ಒಳಗೆ ಇರುವೆಗಳ ಒಂದು ಊರೇ ಇತ್ತು. ಊರಿನ ನಡುವೆ ನಾಲ್ಕು ಕಡಲೆಪುರಿ.

"ಟೈಪ್ ಮಾಡ್ವಾಗ ಸ್ವಲ್ಪ ಬಾಯಾಡಿಸ್ತಿದ್ದೆ ಕಣಮ್ಮ."

"ನೀವ್ ಬಾಯಾಡ್ಸಿ, ಅದಕ್ಕೂ ತಿನ್ಸಿದ್ದೀರಿ. ಪಾಪ, ಈ ಇನ್ನೂರೈವತ್ತಾರು ಇಟ್ಕೊಂಡು ಇದು ಎದ್ದು ನಿಂತಿದ್ದೇ ಹೆಚ್ಚು." ಅವಳು ಹಳೆಯ ಪಟ್ಟಿಯನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದಳು. ಹೊಸ ಪಟ್ಟಿಯ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಲ್ಲಿ ಉಜ್ಜಿದಳು. "ನನ್ ಹತ್ರ ಬರೋರೆಲ್ಲ ಕಂಪ್ಯೂಟರ್ ಸರಿಯಿಲ್ಲ ಅಂತಾರೆ ಸರ್. ಬಿಚ್ಚಿ ನೋಡಿದ್ರೆ ಒಬ್ಬರದ್ರಲ್ಲಿ ಕಡಲೆಪುರಿ, ಒಬ್ಬರದ್ರಲ್ಲಿ ವಿಭೂತಿ. ಮೊನ್ನೆ ಒಬ್ಬರದ್ರಲ್ಲಿ ಹಲ್ಲಿ ಮೊಟ್ಟೆ ಇತ್ತು."

ಮಾತಾಡುತ್ತಲೇ ಅವಳು ಸ್ಪಿರಿಟ್ಟಿನ ಬಾಟಲಿಯನ್ನು ಎತ್ತಿಕೊಂಡು ಹತ್ತಿಗೆ ಸುರಿಯಹೋದಳು. ಅದೇ ಹೊತ್ತಿಗೆ ಇರುವೆಗಳ ಊರು ಗುಳೆ ಹೊರಟು ಗಂಗಣ್ಣನ ಮುಂಗೈ ಹತ್ತಿತು. ಅವನು ಕೈ ಕೊಡವಿದ. ಕೈ ಬಾಟಲಿಗೆ ಬಡಿಯಿತು. ಅರ್ಧ ಬಾಟಲಿ ಸ್ಪಿರಿಟ್ಟು ಅವನ ನೀಲಿ ಷರ್ಟಿನ ಪಾಲಾಯಿತು.

"ಏನಾಗಲ್ಲ ಸರ್, ಆರೋಗ್ತದೆ," ಅಂದಳು ಮಧುಶ್ರೀ. ಸ್ಪಿರಿಟ್ಟು ಆರುತ್ತದೆ. ವಾಸನೆಯ ವಿಷಯ ಅವಳು ಹೇಳಲಿಲ್ಲ.

ಹೊಸ ಪಟ್ಟಿ ಟಕ್ಕೆಂದು ಕೂತಿತು. ಸ್ವಿಚ್ ಒತ್ತಿದಳು. ಗಂಗಣ್ಣ ಅಭ್ಯಾಸಬಲದಿಂದ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣು ತೆರೆಯುವಷ್ಟರಲ್ಲಿ ಟಣ್ ಟಣಾ ಎಂದಿತು. ಅವನು ಪರದೆಯನ್ನು ನೋಡಿದ, ಮಧುಶ್ರೀಯನ್ನು ನೋಡಿದ. ಕಣ್ಣು ಕೆಂಪಗಾಗಿ ತುಂಬಿಬಂದವು.

"ಸರ್, ಅಳ್ತಾ ಇದ್ದೀರಾ?"

"ಇಲ್ಲ ಕಣಮ್ಮ, ಸ್ಪಿರಿಟ್ಟು."

"ಹಳೇ ಇನ್ನೂರೈವತ್ತಾರು ಜೋಬಲ್ಲಿ ಇಟ್ಕೊಳ್ಳಿ ಸರ್. ಹೊಸದಕ್ಕೆ ಮೂರು ವರ್ಷ ಗ್ಯಾರಂಟಿ. ಇನ್ನೂ ಬೇಕು ಅನ್ಸಿದ್ರೆ ಮುಂದಿನ ತಿಂಗಳು ಬನ್ನಿ, ಒಂದು ಜಿ.ಬಿ. ಹಾಕ್ಕೊಡ್ತೀನಿ."

ಎದುರಿನ ಚಹಾದಂಗಡಿಯಿಂದ ದೇವಯ್ಯನ ಫೋನು ನಂಜನಗೂಡಿಗೆ ಹೋಯಿತು. "ಅಣ್ಣ, ಬಾರ್ ಒಳಗೋದೋನು ಒಂದ್ ಗಂಟೆ ಮೇಲೆ ಈಗ ಈಚೆಗ್ ಬಂದ. ಕಣ್ಣು ಕೆಂಪ್ಗವೆ. ಒಬ್ಬೊಬ್ನೇ ನಗ್ತಾವ್ನೆ. ಬ್ಯಾಗ್ನ ಮಗಾ ಅವುಚ್ಕಂಡಂಗೆ ಅವುಚ್ಕಂಡವ್ನೆ." ಬಸ್ಸು ಹೊರಟ ಮೇಲೆ ಇನ್ನೊಂದು ಫೋನು. "ಟಿಕೇಟ್ ಕೊಡಕ್ಕೋದೆ ಅಣ್ಣ. ಗಮ್ ಅಂತಾವ್ನೆ."

ಟಿಕೆಟ್ ನೋಡಿದ್ದಾಯಿತು. ಹುಚ್ಚಯ್ಯ ಪಂಚೆ ಸರಿಪಡಿಸಿಕೊಂಡು, ಸಾವಿನ ಮನೆಗೆ ಹೋಗುವವನ ಮುಖ ಹೊತ್ತು, ಗೋಡೆ ಸುತ್ತಿ ಮಲ್ಲಾಜಮ್ಮನ ಜಗಲಿಗೆ ಬಂದ.

ಬಸ್ಸು ಸುತ್ತೂರು ದಾಟುತ್ತಿದ್ದಾಗ ಗಂಗಣ್ಣನ ಚೈನಾ ಸೆಟ್ಟು ಕೂಗಿಕೊಂಡಿತು. ಅವನು ಒತ್ತಿದ. ಹುಚ್ಚಯ್ಯನ ಫೋನಿಂದ ಬಂದ ಹೆಂಡತಿಯ ದನಿ ಡ್ರೈವರನ ತನಕ ಕೇಳಿಸಿತು.

"ಏನೂಂದ್ರೆ, ಎಲ್ಲಿದ್ದೀರಿ?"

"ಬಸ್ಸಲ್ಲಿ. ನರಸೀಪುರದಿಂದ ಬತ್ತಾ ಇದ್ದೀನಿ."

"ಹುಚ್ಚಣ್ಣ ಹೇಳ್ತಾವ್ರೆ. ನಿಜವಾ? ಹಾಕಿಸ್ಕೊಂಡ್ರಾ?"

ಗಂಗಣ್ಣನಿಗೆ ಬೇಜಾರಾಯಿತು. ತೋರಿಸಿ ಬೆರಗುಗೊಳಿಸಬೇಕೆಂದಿದ್ದ ವಿಷಯ. "ಅವನ ಬಾಯಲ್ಲಿ ಒಂದು ಸಾಸಿವೆ ನಿಲ್ಲಲ್ಲ. ಹೂಂ, ಹಾಕಿಸ್ಕೊಂಡೆ."

"ಎಷ್ಟು?"

"ಐನೂರ ಹನ್ನೆರಡು."

ಬಸ್ಸಿನವರೆಲ್ಲ ಇವನ ಕಡೆ ತಿರುಗಿದರು. ಮುಂದಿನ ಸೀಟಿನ ಮುದುಕಿ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಯಾಕೂಂದ್ರೆ? ಚೆನ್ನಾಗೇ ಇದ್ರಲ್ಲ."

"ಎಷ್ಟ್ ದಿನ ಅಂತ ತಡ್ಕೊಳೋದು ಮಲ್ಲಾಜಿ. ಸಾಕಾಗೋಗಿತ್ತು. ಈಗ ನೋಡು, ಹೂವಿನಂಗೆ ಹಗುರಾಗ್ಬುಟ್ಟದೆ."

"ಯಾರು ಹಾಕ್ಕೊಟ್ಟೋರು?"

"ಮಧು ಅಂತ ಒಂದ್ ಹೆಣ್ಮಗು. ಬಾರ್ ಮೇಲೇ ಅವಳ ಅಂಗಡಿ. ಒಳ್ಳೆ ಕೈಗುಣ ಕಣೆ. ಮುಂದಿನ ತಿಂಗಳೂ ಬನ್ನಿ, ಇನ್ನೂ ಜಾಸ್ತಿ ಹಾಕ್ಕೊಡ್ತೀನಿ ಅಂದ್ಲು."

ಸಿಗ್ನಲ್ಲು ಹೋಯಿತೋ ಅವಳೇ ಇಟ್ಟಳೋ, ಲೈನು ಸತ್ತಿತು. ಪಕ್ಕದಲ್ಲಿ ಕೂತಿದ್ದ ಹಸಿರು ಟವೆಲಿನ ಮನುಷ್ಯ ಅಷ್ಟು ಹೊತ್ತು ಷರ್ಟಿನ ವಾಸನೆ ಎಳೆದುಕೊಳ್ಳುತ್ತಿದ್ದು ಮೆಲ್ಲಗೆ ಕೇಳಿದ.

"ಯಾವ್ ಬ್ರ್ಯಾಂಡು ಸಾ?"

"ಏನೋ ಇಂಗ್ಲಿಷ್ ಹೆಸರು ಕಣಪ್ಪ. ಮೂರು ವರ್ಷ ಗ್ಯಾರಂಟಿ ಅದೆ."

"ಮೂರ್ ವರ್ಸ ಇಳ್ಯದೇ ಇಲ್ವಾ?"

"ಸ್ಪೀಡು ಇಳಿಯಲ್ಲ ಅಂತ ಬರ್ಕೊಟ್ಟವ್ಳೆ."

ಹಸಿರು ಟವೆಲಿನವನು ಬಹಳ ಹೊತ್ತು ಕಿಟಕಿಯಾಚೆಯ ಗದ್ದೆಗಳನ್ನು ನೋಡಿದ. ಆಮೇಲೆ ಭಕ್ತಿಯಿಂದ, "ಆ ಅಂಗ್ಡಿ ಅಡ್ರೆಸ್ಸು ಒಸಿ ಕೊಡಿ ಸಾ," ಅಂದ. ಗಂಗಣ್ಣ ಮಧುಶ್ರೀಯ ವ್ಯಾಪಾರ ಬೆಳೆಯಲಿ ಎಂದು ಟಿಕೆಟ್ಟಿನ ಹಿಂದೆ ಬರೆದುಕೊಟ್ಟ.

ನಂಜನಗೂಡಿನಲ್ಲಿ ಫೋನ್ ಇಟ್ಟ ಮಲ್ಲಾಜಮ್ಮ ಅಳಲಿಲ್ಲ, ಬೈಯಲಿಲ್ಲ. ಹುಲ್ಲಹಳ್ಳಿಗೆ, ಅಣ್ಣನಿಗೆ ಒಂದು ಮಾತು ತಿಳಿಸಿದಳು. ಆಮೇಲೆ ಹುಚ್ಚಯ್ಯನ ಕಡೆ ತಿರುಗಿ ಕೇಳಿದಳು.

"ಹುಚ್ಚಣ್ಣ, ನಿಮ್ಮನೇಲಿ ಕಾಫಿಪುಡಿ ಅದಾ?"

ಗಂಗಣ್ಣ ಬೀದಿಯ ತಿರುವಿಗೆ ಬಂದಾಗ ನಾಲ್ಕೂವರೆ. ಅವನ ಮನೆಯ ಜಗಲಿಯ ಮೇಲೆ ಮೂವರು ಕೂತಿದ್ದರು. ಹುಚ್ಚಯ್ಯ ತಲೆ ತಗ್ಗಿಸಿದ್ದ. ಗುರುಮಲ್ಲಪ್ಪ ತೊಡೆಯ ಮೇಲೆ ಉದ್ದನೆಯ ಒಂದು ರಿಜಿಸ್ಟರ್ ಇಟ್ಟುಕೊಂಡಿದ್ದ. ನಡುವೆ ಮಲ್ಲಾಜಮ್ಮ. ಅವಳ ಕೈಯಲ್ಲಿ ಒಂದು ಸ್ಟೀಲಿನ ಲೋಟ. ಗಂಗಣ್ಣ ಹತ್ತಿರ ಬಂದ, ವಾಸನೆ ಹಿಡಿದ. ಅವನ ಕಾಲು ಅಲ್ಲೇ ನಿಂತವು.

"ಅದೇನು ಕುಡೀತಿದ್ದೀ?"

"ನೀವೇನ್ ಕುಡಿದ್ರೋ ಅದರ ಜೋಡಿ," ಅಂದಳು ಮಲ್ಲಾಜಮ್ಮ.

"ನಾನ್ ಏನೂ ಕುಡಿದಿಲ್ಲ."

ಗುರುಮಲ್ಲಪ್ಪ ಬೇಸರದಿಂದ ತಲೆಯಾಡಿಸಿದ. "ಬಾವ, ನಮ್ ಕ್ಯಾಂಪಿಗೆ ನಲವತ್ತೆರಡು ಜನ ಸೇರವ್ರೆ. ಮೊದಲ್ನೇ ದಿನ ನಲವತ್ತೆರಡು ಜನಾನೂ ಇದೇ ಮಾತು ಅಂದದ್ದು. ಒಬ್ಬನಾದ್ರೂ ಹೊಸದು ಹೇಳ್ಲಿಲ್ಲ."

"ಇಲ್ಲ ಬಾವ, ರ‍್ಯಾಮ್ ಹಾಕಿಸ್ಕೊಂಡ್ ಬಂದಿದ್ದು."

"ನೋಡುದ್ರಾ?" ಅಂದ ಹುಚ್ಚಯ್ಯ ನೆಲ ನೋಡುತ್ತಲೇ. "ಅವರ ಬಾಯಲ್ಲೇ ಬಂತು."

"ಎಷ್ಟು ಹಾಕಿದೆ ಬಾವ? ನಿಜ ಹೇಳ್ಬುಡು. ಹೇಳಿದ್ರೆ ಅರ್ಧ ವಾಸಿ ಆದಂಗೆ."

"ಐನೂರ ಹನ್ನೆರಡು ಒಳಗೆ ಹೋಗದೆ. ಇನ್ನೂರೈವತ್ತಾರು ಜೋಬಲ್ಲದೆ."

ಗುರುಮಲ್ಲಪ್ಪ ಪೆನ್ನಿನ ಟೋಪಿ ತೆಗೆದ. "ಜೋಬಿಂದ ತೆಗಿ."

ಗಂಗಣ್ಣ ತೆಗೆದುಕೊಟ್ಟ. ನಾಲಗೆ ಕೆರೆಯುವ ಪಟ್ಟಿಯ ಅರ್ಧದಷ್ಟಿತ್ತು, ಹಸಿರಾಗಿತ್ತು. ಗುರುಮಲ್ಲಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಹುಚ್ಚಯ್ಯ ಈಸಿಕೊಂಡು ಮೂಸಿದ.

"ಇದ್ರಲ್ಲಿ ಇನ್ನೂರೈವತ್ತಾರು ಎಲ್ಲದೆ ಬಾವ?"

"ಒಳಗದೆ. ಕಣ್ಣಿಗೆ ಕಾಣಲ್ಲ."

ಗುರುಮಲ್ಲಪ್ಪ ಹುಚ್ಚಯ್ಯನ ಮುಖ ನೋಡಿದ. ಹುಚ್ಚಯ್ಯ ಗುರುಮಲ್ಲಪ್ಪನ ಮುಖ ನೋಡಿದ. ಕಣ್ಣಿಗೆ ಕಾಣದ್ದು ಕಾಣುವ ಹಂತಕ್ಕೆ ರೋಗ ಹೋಗಿದೆ ಎಂದು ಇಬ್ಬರಿಗೂ ಖಾತ್ರಿಯಾಯಿತು.

"ಹತ್ರ ಬಾ, ಒಂದ್ಸಲ ಊದು," ಅಂದ ಗುರುಮಲ್ಲಪ್ಪ. ಗಂಗಣ್ಣ ಹತ್ತಿರ ಹೋದ. ಊದುವ ಮುಂಚೆಯೇ ಷರ್ಟಿನ ವಾಸನೆ ಗುರುಮಲ್ಲಪ್ಪನ ಮೂಗಿಗೆ ಹೊಡೆದು, ಅವನ ತಲೆ ಹಿಂದಕ್ಕೆ ಗೋಡೆಗೆ ಬಡಿಯಿತು.

"ಅದು ಸ್ಪಿರಿಟ್ಟು."

"ಸ್ಪಿರಿಟ್ಟೇ ಕುಡ್ಯಕ್ ಸುರು ಮಾಡ್ಬುಟ್ರಾ ಗಂಗಣ್ಣ," ಎಂದು ಹುಚ್ಚಯ್ಯ ಹಣೆ ಚಚ್ಚಿಕೊಂಡ.

"ಈ ಜಗಲಿ ಗೆರೆ ಮೇಲೆ ನಡೆದು ತೋರ್ಸು."

ಗಂಗಣ್ಣ ನಡೆದ. ಮೂರು ಹೆಜ್ಜೆ ನೆಟ್ಟಗೇ ಇಟ್ಟ. ನಾಲ್ಕನೆಯದು ಹುಚ್ಚಯ್ಯನ ಚಪ್ಪಲಿಯ ಮೇಲೆ ಬಿತ್ತು. ಬ್ಯಾಗನ್ನು ಮೇಲೆತ್ತಿ ಹಿಡಿದು, ತಾನು ಮಾತ್ರ ಕೆಳಗೆ ಕುಸಿದು ಕೂತ. ಕೂತವನು ಏಳಲಿಲ್ಲ. ಕೂತದ್ದೇ ಆಯಿತು, ಕೂತೇ ಇರೋಣ ಎನ್ನಿಸಿರಬೇಕು. ಗುರುಮಲ್ಲಪ್ಪ ರಿಜಿಸ್ಟರ್ ಬಿಡಿಸಿ, ನಲವತ್ತಮೂರು ಎಂದು ಬರೆದು, ಮುಂದೆ ಗಂಗಾಧರಸ್ವಾಮಿ ಎಂದು ದುಂಡಗೆ ಬರೆದ.

"ನಾಳೆ ಸ್ಟೇಜಿಗೆ ಬೇಡ ಬಾವ. ಕೆಳಗೆ, ಚಾಪೆ ಮೇಲೆ ಕೂತ್ಕೋ."

"ಇದನ್ನ ಆನ್ ಮಾಡಿ ತೋರಿಸ್ತೀನಿ ತಡೀರಿ," ಎಂದು ಗಂಗಣ್ಣ ಬ್ಯಾಗಿನ ಜಿಪ್ಪು ಎಳೆದ. ಎಳೆದವನು ಕೈಬಿಟ್ಟ. ಕರೆಂಟಿರಲಿಲ್ಲ. ಆರು ಗಂಟೆಗೆ ಬರುವುದು. ಲ್ಯಾಪ್‌ಟಾಪಿನ ಬ್ಯಾಟರಿಯೋ, ಹಿಂದಿನ ಯಜಮಾನರ ಕಾಲದಲ್ಲೇ ತೀರಿಕೊಂಡಿತ್ತು.

ಹೀಗೆ ನಾಲ್ವರು ಕರೆಂಟು ಕಾಯುತ್ತ ಕೂತರು. ಬೀದಿಯಲ್ಲಿ ಹೋಗುವವರು ನಿಂತು, ನಾಲ್ಕು ಮುಖಗಳನ್ನು ನೋಡಿ, ಯಾರಿಗೆ ಏನಾಯಿತು ಎಂದು ಕೇಳಲು ಬಾಯಿ ತೆರೆದು, ಗಂಗಣ್ಣನ ಷರ್ಟಿನ ವಾಸನೆಗೆ ಬಾಯಿ ಮುಚ್ಚಿ ಹೋಗುತ್ತಿದ್ದರು. ಮಲ್ಲಾಜಮ್ಮನ ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು. ಅದರ ಮೇಲೆ ಕೆನೆ ಕಟ್ಟಿತು.

"ಹನ್ನೊಂದು ವರ್ಷ," ಅಂದಳು ಅವಳು ಆ ಕೆನೆ ನೋಡುತ್ತ. "ನೆಂಟರ ಮನೇಲಿ ಕಾಫಿ ವಾಸನೆ ಬಂದ್ರೆ ಎದ್ದು ಹಿತ್ತಲಿಗೆ ಹೋಗಿದ್ದೀನಿ."

"ಗೊತ್ತು."

"ಏನಾದ್ರೂ ಹೇಳಿ."

"ಏನ್ ಹೇಳಿದ್ರೂ ಕುಡುಕ ಹೇಳ್ದಂಗೇ ಕೇಳ್ತದೆ ಮಲ್ಲಾಜಿ. ಬೆಳಿಗ್ಗೆಯಿಂದ ನಿಜಾನೇ ಹೇಳ್ತಾ ಇದ್ದೀನಿ. ಸುಸ್ತಾಗೋಗದೆ."

ಅವಳು ಗಂಡನನ್ನು ನೋಡಿದಳು. ಕುಡಿದು ಬಂದ ದಿನಗಳಲ್ಲಿ ಅವನು ಹೀಗೆ ಕೂರುತ್ತಿರಲಿಲ್ಲ. ಲೋಕದ ಮೇಲೆಲ್ಲ ರೇಗಾಡುತ್ತಿದ್ದ, ಅವಳ ತವರಿನ ಏಳು ತಲೆಮಾರಿಗೆ ಹೆಸರಿಡುತ್ತಿದ್ದ. ಈಗ ಗೋಡೆಗೊರಗಿ, ಆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ತಪ್ಪಿಸಿಕೊಂಡವನಂತೆ ಕೂತಿದ್ದ.

"ನರಸೀಪುರಕ್ಕೆ ಹೋಗಿದ್ದು ಯಾಕೆ?" ಅಂದಳು.

"ಇದು ಬೇಗ ಏಳ್ಲಿ ಅಂತ."

"ಹಂಗಾದ್ರೆ ಅದನ್ನೂ ಕುಕ್ಕರ್ನೂ ಒಟ್ಟಿಗೇ ಇಟ್ಟು ನೋಡೋಣ," ಎಂದು ಮಲ್ಲಾಜಮ್ಮ ಎದ್ದಳು. "ಕುಡಿಯೋಕೆ ಹೋದ ಗಂಡಸು ಕಂಪ್ಯೂಟರ್ ರಿಪೇರಿ ಮಾಡಿಸ್ಕೊಂಡು ಬರಲ್ಲ. ಕರೆಂಟ್ ಬಂದ ತಕ್ಷಣ ಅನ್ನಕ್ಕೆ ಇಡ್ತೀನಿ. ಮೂರನೇ ಕೂಗಿಗೆ ಎದ್ರೆ ಅಣ್ಣ ಬರೆದದ್ದು ಸರಿ. ಮೊದಲೇ ಎದ್ರೆ ನೀವ್ ಹೇಳಿದ್ದು ಸರಿ."

ಲೋಕದಲ್ಲಿ ಬೆಂಕಿ ಹಾಯ್ದು ಸತ್ಯ ತೋರಿಸಿದವರಿದ್ದಾರೆ. ಗಂಗಾಧರಸ್ವಾಮಿಯ ಪಾಲಿಗೆ ಬಂದದ್ದು ಗ್ಯಾಸ್ ಸ್ಟೌವಿನ ಸಣ್ಣ ಉರಿ.

ಆರಕ್ಕೆ ಐದು ನಿಮಿಷವಿದ್ದಾಗ ಕರೆಂಟು ಬಂತು. ಲ್ಯಾಪ್‌ಟಾಪನ್ನು ನಡುಮನೆಯ ಸ್ಟೂಲಿನ ಮೇಲಿಟ್ಟರು. ಗಂಗಣ್ಣ ವೈರು ಚುಚ್ಚಿದ. ಅಡಿಗೆಮನೆಯಿಂದ ಮಲ್ಲಾಜಮ್ಮ, "ಹಚ್ದೆ," ಅಂದಳು. ಗಂಗಣ್ಣ ಸ್ವಿಚ್ ಒತ್ತಿದ. ಗುರುಮಲ್ಲಪ್ಪ ರಿಜಿಸ್ಟರನ್ನು ಎದೆಗೊತ್ತಿಕೊಂಡು ಪರದೆಯ ಕಡೆ ಬಗ್ಗಿದ. ಹುಚ್ಚಯ್ಯ ಅಡಿಗೆಮನೆಯ ಬಾಗಿಲಲ್ಲಿ, ಕುಕ್ಕರಿನ ಮೇಲೆ ಕಣ್ಣಿಟ್ಟು, ಹಳೆಯ ಅಭ್ಯಾಸದಿಂದ ಸೀಟಿ ಊದಲು ಎರಡು ಬೆರಳು ತುಟಿಗೆ ತಂದು ನಿಂತ. ಕುಕ್ಕರಿನ ತಳ ಇನ್ನೂ ಬಿಸಿಯಾಗಿರಲಿಲ್ಲ.

ಟಣ್ ಟಣಾ ಎಂದಿತು.

ಗಂಗಣ್ಣ ಭಾಷಣದ ಫೈಲು ತೆರೆದ. ಮಲ್ಲಾಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಪರದೆಯ ಮೇಲೆ ಅಕ್ಷರಗಳು ಎದ್ದು ನಿಂತಿದ್ದವು. 'ಮಾನ್ಯ ಅಧ್ಯಕ್ಷರೇ, ನಾನು ಕುಡಿಯುತ್ತಿದ್ದೆ.'

"ರ‍್ಯಾಮ್ ಅಂದ್ರೆ ಇದಾ?" ಅಂದಳು.

"ಇದೇ. ನೆನಪು ಅಂತ ಅರ್ಥ."

ಹುಚ್ಚಯ್ಯ ತುಟಿಯ ಮೇಲಿನ ಬೆರಳು ಇಳಿಸಿ, ಯಾರ ಮುಖವನ್ನೂ ನೋಡದೆ, "ನನ್ ಕಿವಿಗೆ ರಮ್ಮು ಅಂತ್ಲೇ ಬಿತ್ತು ಕಣಕ್ಕ. ಇಂಜನ್ ಪಕ್ಕ ಕೂತ ಕಿವಿ ಅಲ್ವಾ," ಅಂದ. ಯಾರೂ ಅವನನ್ನು ಬೈಯಲಿಲ್ಲ. ಬೈಯುವುದಕ್ಕೂ ಕಸುವು ಬೇಕು. ಗುರುಮಲ್ಲಪ್ಪ ಕೆಮ್ಮಿ, ರಿಜಿಸ್ಟರ್ ಬಿಡಿಸಿ, ಪೆನ್ನಿನ ಟೋಪಿ ತೆಗೆದ.

"ತಪ್ಪಾಯ್ತು ಬಾವ. ನಲವತ್ತಮೂರು ಹೊಡೆದುಹಾಕ್ತೀನಿ. ನಾಳೆ ಹತ್ತು ಗಂಟೆಗೆ ಸ್ಟೇಜು."

"ಹೊಡೀಬೇಡ ಅಣ್ಣ," ಅಂದಳು ಮಲ್ಲಾಜಮ್ಮ. ಜಗಲಿಗೆ ಹೋಗಿ ಲೋಟವನ್ನು ತಂದು ಎಲ್ಲರಿಗೂ ಕಾಣುವಂತೆ ಹಿಡಿದಳು. "ಇವರು ತಪ್ಪಲಿಲ್ಲ. ಆಣೆ ಮುರಿದಿದ್ದು ನಾನು."

ಇದನ್ನು ಯಾರೂ ಯೋಚಿಸಿರಲಿಲ್ಲ. ಗಂಗಣ್ಣ ಲೋಟದೊಳಗೆ ಇಣುಕಿದ.

"ಅರ್ಧ ಲೋಟ ತಾನೆ ಕುಡ್ದಿದ್ದು. ಅರ್ಧ ಕುಡಿದ್ರೆ ಕುಡಿದಂಗೇನೂ ಅಲ್ಲ ಕಣೆ."

"ಹನ್ನೊಂದು ವರ್ಷದ ಹಿಂದೆ ನೀವೂ ಹಿಂಗೇ ಹೇಳ್ತಿದ್ರಿ."

ಗಂಗಣ್ಣ ಲೋಟದಿಂದ ಮುಖ ತೆಗೆದ.

"ಬರಿ ಅಣ್ಣ," ಅಂದಳು ಅವಳು. "ಇವರ ಹೆಸರು ತೆಗೆದು ನನ್ನ ಹೆಸರು ಬರಿ. ಪಕ್ಕದಲ್ಲಿ ಕಾಫಿ ಅಂತ ಹಾಕು, ಓದಿದೋರು ಬೇರೆ ತಿಳ್ಕೊಂಡಾರು."

"ಚಾಪೆ ಮೇಲೆ ಕೂರ್ತೀಯಾ?"

"ಕೂರ್ತೀನಿ. ಇವರು ಸ್ಟೇಜ್ ಮೇಲಿಂದ ಹೇಳ್ಲಿ, ಬಿಡೋದು ಹೆಂಗೆ ಅಂತ. ನಾನೂ ಒಸಿ ಕೇಳ್ಬೇಕು."

ಗುರುಮಲ್ಲಪ್ಪ ಗಂಗಾಧರಸ್ವಾಮಿಯನ್ನು ಹೊಡೆದು, ಮೇಲೆ ಸಣ್ಣ ಅಕ್ಷರದಲ್ಲಿ ಮಲ್ಲಾಜಮ್ಮ ಎಂದು ಬರೆದು, ಕಂಸದಲ್ಲಿ ಕಾಫಿ ಎಂದು ಸೇರಿಸಿದ.

ಮಲ್ಲಾಜಮ್ಮ ಅಂಗಳಕ್ಕೆ ಇಳಿದು ಕರಿಬೇವಿನ ಗಿಡದ ಬುಡದಲ್ಲಿ ನಿಂತಳು. ಲೋಟವನ್ನು ಬಗ್ಗಿಸಹೋದವಳು ಒಂದು ಸಲ ಮೂಗಿನ ಹತ್ತಿರ ತಂದು ಉಸಿರೆಳೆದುಕೊಂಡಳು. ಆಮೇಲೆ ಸುರಿದಳು. ಒಳಗೆ ಕುಕ್ಕರು ಮೊದಲನೇ ಕೂಗು ಕೂಗಿತು.